ಹುಳುಮನೆಯವಳು ಸಿಗಾರ್ ಹಚ್ಚಿದ್ದು

ಸಿಗಾರ್ ಹಚ್ಚುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಹೇಳಬಲ್ಲೆ. ಕೇಳದಿದ್ದರೂ ಹೇಳುತ್ತೇನೆ, ಅದು ಬೇರೆ ಮಾತು. ಜೀವಮಾನದಲ್ಲಿ ಒಂದೇ ಒಂದು ಸಿಗಾರನ್ನು ಕೈಯಲ್ಲಿ ಹಿಡಿದವಳು ನಾನು. ಅದಕ್ಕೆ ಮೊದಲು ಬಸ್ಸಿನಲ್ಲಿ ಪಕ್ಕದವರ ಬಾಯಿಂದ ಬೀಡಿ ವಾಸನೆ ಬಂದರೆ ಸೀಟು ಬಿಟ್ಟು ಎದ್ದು ನಿಲ್ಲುತ್ತಿದ್ದೆ. ಆದರೂ ಈ ಒಂದು ವಿಷಯದಲ್ಲಿ ನನ್ನಷ್ಟು ತಲೆ ಕೆಡಿಸಿಕೊಂಡವರು ದೇವನಹಳ್ಳಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಏರ್‌ಪೋರ್ಟಿನ ಸುತ್ತ ಎದ್ದಿರುವ ದೊಡ್ಡ ಹೋಟೆಲುಗಳ ಜನರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ನಮ್ಮದು ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ಹೊಗೆಸೊಪ್ಪು ಅಪ್ಪಟ ವಿಷ. ಅದನ್ನು ತಿನ್ನಿಸಬೇಕಾಗಿಯೂ ಇಲ್ಲ. ಬೀಡಿ ಸೇದಿದ ಕೈಯಲ್ಲಿ ಮುಟ್ಟಿದ ಹಿಪ್ಪುನೇರಳೆ ಸೊಪ್ಪನ್ನು ತಿಂದರೂ ಸಾಕು, ತಲೆ ಎತ್ತಿ ಒದ್ದಾಡಿ ಹಸಿರು ಕಕ್ಕಿ ಸಾಯುತ್ತದೆ. ಅದಕ್ಕೇ ನಮ್ಮಲ್ಲಿ ಬೀಡಿ ಇಲ್ಲ, ಸಿಗರೇಟು ಇಲ್ಲ, ಸೊಳ್ಳೆಬತ್ತಿ ಇಲ್ಲ, ಮದುವೆಗೆ ಹೋಗಿ ಬಂದವರ ಮೈಮೇಲಿನ ಸೆಂಟು ಕೂಡ ಇಲ್ಲ. ನೆಂಟರು ಗೇಟಿನ ಹತ್ತಿರವೇ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ದೇವರ ಮನೆಯಲ್ಲಿ ಊದುಬತ್ತಿ ಹಚ್ಚುವುದೂ ಹುಳುಮನೆ ಖಾಲಿ ಇದ್ದಾಗ ಮಾತ್ರ. ದೇವರು ಇದುವರೆಗೆ ತಕರಾರು ಮಾಡಿಲ್ಲ.

ಈ ಕಾನೂನನ್ನೆಲ್ಲ ಬಿಗಿ ಮಾಡಿದವರು ನಮ್ಮ ಅತ್ತೆ. ಮಾವನವರ ಬೀಡಿಯನ್ನು ಬಿಡಿಸಿದವರೂ ಅವರೇ. ನಾನು ಸೊಸೆಯಾಗಿ ಬಂದಾಗ ಅವರ ಮೂಗು ಸುತ್ತಮುತ್ತಲ ಊರುಗಳಲ್ಲೆಲ್ಲ ಹೆಸರುವಾಸಿಯಾಗಿತ್ತು. ಬೆಳಿಗ್ಗೆ ಹುಳುಮನೆಯ ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದು, "ಆ ಮೂಲೇಲಿ ಸಪ್ಪೆ ಬಿದ್ದೈತೆ, ತೆಗ್ದು ಹೂತಾಕು" ಎನ್ನುತ್ತಿದ್ದರು. ಸಪ್ಪೆ ಎಂದರೆ ಹುಳು ಮೆತ್ತಗಾಗಿ ಕೊಳೆಯುವ ರೋಗ. ನಾನು ಹೋಗಿ ಸೊಪ್ಪು ಎತ್ತಿ ನೋಡಿದರೆ ಅಲ್ಲಿ ನಿಜಕ್ಕೂ ಒಂದೆರಡು ಹುಳು ಕಪ್ಪಗಾಗಿ ಬಿದ್ದಿರುತ್ತಿದ್ದವು. ಕಣ್ಣಿಗೆ ಕಾಣುವ ಮೊದಲೇ ಅವರಿಗೆ ಗೊತ್ತಾಗಿರುತ್ತಿತ್ತು. ಅವರು ನನ್ನನ್ನು ಬೈದದ್ದೆಲ್ಲ ಮೂಗಿನಿಂದಲೇ ಶುರುವಾಗುತ್ತಿತ್ತು. ಹಾಲು ಸೀದಿದ್ದು, ಸೊಪ್ಪಿನ ಮೂಟೆ ಬೆವರಿದ್ದು, ಒದ್ದೆ ಬಟ್ಟೆ ಮಡಚಿಟ್ಟದ್ದು, ಯಾವುದೂ ತಪ್ಪಿಸಿಕೊಳ್ಳುವಂತಿರಲಿಲ್ಲ. ಆ ಬೈಗುಳದಲ್ಲೇ ನಾನೂ ಕಲಿತೆ. ಈಗ ನನ್ನ ಮೂಗೂ ಏನೂ ಕಡಿಮೆಯಿಲ್ಲ ಎಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಕೊರೊನಾ ಎರಡನೇ ಸಲ ಬಂದಾಗ ಅತ್ತೆಯವರನ್ನು ಹಿಡಿಯಿತು. ಜ್ವರ ಇಳಿಯಿತು, ಕೆಮ್ಮು ಹೋಯಿತು, ಎದ್ದು ಓಡಾಡಿದರು. ಒಂದು ದಿನ ನಾನು ಸಾರಿಗೆ ಇಂಗು, ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟೆ. ಪಕ್ಕದಲ್ಲೇ ನಿಂತಿದ್ದ ಅವರು, "ಒಗ್ಗರಣೆ ಯಾವಾಗ ಹಾಕ್ತೀಯಮ್ಮಿ?" ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ದೇವನಹಳ್ಳಿಯ ಡಾಕ್ಟರು, ವಾಸನೆ ತಿರುಗಿ ಬರಬಹುದು, ಬರದೆಯೂ ಇರಬಹುದು, ದಿನಾ ಖಾರವಾದ ವಾಸನೆಗಳನ್ನು ಮೂಸುತ್ತಿರಿ ಎಂದರು. ಲವಂಗ ಮೂಸಿದರು, ನಿಂಬೆಹಣ್ಣು ಮೂಸಿದರು, ಇಂಗಿನ ಡಬ್ಬಿಯೊಳಗೆ ಮೂಗಿಟ್ಟು ಕೂತರು. ತಿಂಗಳುಗಟ್ಟಲೆ ಮೂಸಿದರೂ ಏನೂ ಬರಲಿಲ್ಲ.

ಆಮೇಲೆ ಅವರು ಹುಳುಮನೆಗೆ ಬರುವುದನ್ನೇ ಬಿಟ್ಟರು. "ಮೂಗಿಲ್ದೋಳು ಬಾಗ್ಲಲ್ಲಿ ನಿಂತು ಏನ್ ಮಾಡ್ಲಿ? ಇನ್ಮೇಲೆ ನೀನೇ ನೋಡ್ಕೊ" ಎಂದರು. ಬೆಳೆಯ ಬಗ್ಗೆ ಕೇಳುವುದನ್ನು ಬಿಟ್ಟರು. ನನ್ನನ್ನು ಬೈಯುವುದನ್ನೂ ಬಿಟ್ಟರು. ಅಂಗಳದ ಚಕ್ಕೋತ ಮರದ ಕೆಳಗೆ ಕುರ್ಚಿ ಹಾಕಿಕೊಂಡು, ಇಳಿಯುವ ವಿಮಾನಗಳನ್ನು ನೋಡುತ್ತಾ ಕೂರುವವರಾದರು. ಬೇರೆ ಸೊಸೆಯಂದಿರಾದರೆ ಹಾಯಾಗಿರುತ್ತಿದ್ದರೋ ಏನೋ. ನನಗೆ ಮನೆ ಬಿಕೋ ಎನ್ನುತ್ತಿತ್ತು.

ಹೀಗಿರುವಾಗ ನನ್ನ ತಮ್ಮ ಬಂದ. ಅವನು ಏರ್‌ಪೋರ್ಟ್ ಕ್ಯಾಬ್ ಓಡಿಸುತ್ತಾನೆ. ಕಾರನ್ನು ನಮ್ಮ ಕಾನೂನಿನ ಪ್ರಕಾರ ಗೇಟಿನ ಆಚೆಯೇ ನಿಲ್ಲಿಸಿ, ಚಕ್ಕೋತದ ಮರದ ಕೆಳಗೆ ಕೂತು, ಜೇಬಿನಿಂದ ಒಂದು ಅಲ್ಯೂಮಿನಿಯಂ ಕೊಳವೆ ತೆಗೆದ. ಯಾರೋ ಪ್ರಯಾಣಿಕರು ಖುಷಿಯಾಗಿ ಕೊಟ್ಟು ಹೋದದ್ದಂತೆ. ಮುಚ್ಚಳ ತಿರುಗಿಸಿದರೆ ಒಳಗೆ ಕಂದು ಬಣ್ಣದ, ಹೆಬ್ಬೆರಳಿನಷ್ಟು ದಪ್ಪದ ಸಿಗಾರ್.

"ಲೇ, ಬುದ್ಧಿ ಐತಾ ನಿಂಗೆ? ಹುಳದ ಮನೆ ಮುಂದೆ ಹೊಗೆಸೊಪ್ಪು ತೆಗೀತೀಯಲ್ಲ!" ಎಂದು ನಾನು ಹಾರಿಬಿದ್ದೆ.

"ಹಚ್ಚಿಲ್ಲ ಕಣಕ್ಕ, ಸುಮ್ನೆ ತೋರ್ಸೋಣಾಂತ ತಂದೆ. ಇರು, ಮುಚ್ಚಾಕ್ತೀನಿ" ಎಂದು ಅವನು ಮುಚ್ಚಳ ಹುಡುಕುತ್ತಿದ್ದ. ಅಷ್ಟರಲ್ಲಿ ಅತ್ತೆ ಕೈ ಚಾಚಿದರು. ಸಿಗಾರನ್ನು ಬೆರಳುಗಳಲ್ಲಿ ಹೊರಳಿಸಿ, ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಮುಕಿ, "ಇದು ಚುಟ್ಟಾ ಅಲ್ವೇನಪ್ಪಾ?" ಎಂದರು.

ಆವತ್ತೇ ನನಗೆ ಗೊತ್ತಾದದ್ದು. ಅತ್ತೆಯ ತವರು ಗೌರಿಬಿದನೂರಿನ ಆಚೆ, ಆಂಧ್ರದ ಗಡಿಯಲ್ಲಿ. ಅವರ ತಾಯಿ ಚುಟ್ಟಾ, ಅಂದರೆ ಹೊಗೆಸೊಪ್ಪನ್ನೇ ಸುತ್ತಿದ ನಾಟಿ ಸಿಗಾರ್, ಸೇದುತ್ತಿದ್ದರಂತೆ. ಕಡಲೆಕಾಯಿ ಹೊಲದಲ್ಲಿ ಕಳೆ ಕಿತ್ತು ಬಂದು ಜಗುಲಿಯ ಮೇಲೆ ಕಾಲು ಚಾಚಿದರೆ, ಮಗಳು ಒಳಗಿಂದ ಚುಟ್ಟಾ ತರಬೇಕು. ಅಮ್ಮನ ಕೈ ತುಂಬಾ ಮಣ್ಣು. ಅದಕ್ಕೆ ಮಗಳೇ ಒಲೆಯ ಕೆಂಡಕ್ಕೆ ಹಿಡಿದು, ತಾನೇ ಒಂದು ದಮ್ಮು ಎಳೆದು ಹೊತ್ತಿಸಿ, ಅಮ್ಮನ ತುಟಿಗೆ ಇಡಬೇಕು.

"ನಮ್ಮಮ್ಮ ಅಂದ್ರೆ ನಂಗೆ ಮೊದ್ಲು ಆ ವಾಸ್ನೆ. ಮುಖ ಆಮೇಲೆ" ಎಂದರು ಅತ್ತೆ. "ಈ ಮನೆಗೆ ಬಂದ ದಿನಾನೇ ಹೇಳ್ಬಿಟ್ರು, ಹುಳದ ಮನೆ, ಹೊಗೆಸೊಪ್ಪು ಮುಟ್ಟಂಗಿಲ್ಲ ಅಂತ. ಆಮೇಲೆ ಮೂಸಿ ಕೂಡ ನೋಡಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಇದನ್ನ ಒಂದ್ಸಲ ಹಚ್ಚಿ ಕೊಡಮ್ಮಿ. ಇದರ ವಾಸ್ನೇನೂ ಬರ್ಲಿಲ್ಲಾಂದ್ರೆ ಇನ್ ಯಾವ್ದೂ ಬರಲ್ಲ. ಅಲ್ಲಿಗೆ ನನ್ ಮೂಗಿನ ಕತೆ ಮುಗೀತು ಅನ್ಕೊಂಡು ಸುಮ್ನಾಗ್ತೀನಿ."

ನಾನು ಬೇಡ ಎನ್ನಲಿಲ್ಲ. ಆದರೆ ಈಗಲ್ಲ ಎಂದೆ. ಹುಳು ಕೊನೆಯ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ನಿದ್ದೆ, ಕಳೆದು ಗಬಗಬ ತಿನ್ನುವ ಹೊತ್ತು ಅದು. ಬೆಳೆ ಮುಗಿದು ರೇಷ್ಮೆಗೂಡು ಮಾರುಕಟ್ಟೆಗೆ ಹೋದ ಮೇಲೆ, ಹುಳುಮನೆ ತೊಳೆದು ಮುಂದಿನ ಬೆಳೆಯ ಚಾಕಿ ಹುಳು, ಅಂದರೆ ಎಳೆಯ ಹುಳು, ಬರುವುದರೊಳಗೆ ನಮಗೆ ಕೆಲವು ದಿನ ಬಿಡುವು ಸಿಗುತ್ತದೆ. ಹೊಗೆಸೊಪ್ಪಿಗೆ ಈ ಮನೆಯಲ್ಲಿ ಜಾಗವಿದ್ದರೆ ಆ ಬಿಡುವಿನಲ್ಲಿ ಮಾತ್ರ. ತಮ್ಮ ಸಿಗಾರನ್ನು ಕಾರಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಲು ಒಪ್ಪಿದ.

ಕಾಯುತ್ತಿದ್ದ ಆ ದಿನಗಳಲ್ಲಿ ನಾನು ಯೋಚನೆ ಮಾಡಿದ್ದು ಒಂದೇ ವಿಷಯ. ಇರುವುದು ಒಂದೇ ಸಿಗಾರ್. ಹಚ್ಚುವಾಗ ಬೇರೆ ಯಾವುದಾದರೂ ವಾಸನೆ ಅದರೊಳಗೆ ಸೇರಿಕೊಂಡರೆ ಪರೀಕ್ಷೆಯೇ ಕೆಟ್ಟುಹೋಗುತ್ತದೆ. ಬಂದದ್ದು ಯಾವ ವಾಸನೆ, ಬರದದ್ದು ಯಾವುದು ಎಂದು ಅವರಿಗೂ ತಿಳಿಯುವುದಿಲ್ಲ, ನಮಗೂ ತಿಳಿಯುವುದಿಲ್ಲ. ಆದ್ದರಿಂದ ಯಾವ ವಾಸನೆಯೂ ಇಲ್ಲದ ಬೆಂಕಿ ಬೇಕು. ಅದನ್ನು ಆರಿಸುವ ಕೆಲಸ ನನ್ನದು, ಯಾಕೆಂದರೆ ಮನೆಯಲ್ಲಿ ಉಳಿದಿದ್ದ ಮೂಗು ನನ್ನದೇ.

ಒಣಗಿದ ಬಾಳೆಲೆಯನ್ನು ಸಿಗಾರಿನಂತೆ ಸುರುಳಿ ಸುತ್ತಿ, ತೋಟದ ಕೊನೆಯಲ್ಲಿ ಕೂತು ಪ್ರಯೋಗ ಶುರು ಮಾಡಿದೆ. ನಮ್ಮ ಯಜಮಾನರು ಬಂದು ನೋಡಿ, "ಅತ್ತೆ ಸೊಸೆ ಇಬ್ರಿಗೂ ತಲೆ ಕೆಟ್ಟೈತೆ" ಎಂದು ಹೇಳಿ ಹೋದರು. ಅವರ ಮಾತಿಗೆ ನಾನು ಬೆಲೆ ಕೊಡುವ ವಿಷಯಗಳು ಬೇರೆ ಇವೆ.

ತಮ್ಮ ತಂದದ್ದು ಒಂದು ಲೈಟರು. ಒತ್ತಿದರೆ ಬುಸ್ಸೆಂದು ನೀಲಿ ಉರಿ ನೆಟ್ಟಗೆ ನುಗ್ಗುತ್ತದೆ. "ದೊಡ್ ದೊಡ್ ಹೋಟ್ಲಲ್ಲಿ ಇದ್ರಲ್ಲೇ ಹಚ್ಚೋದು ಗುರು" ಎಂದ. ಅಕ್ಕನನ್ನು ಗುರು ಎನ್ನಬೇಡ ಎಂದು ಮೊದಲು ಒಂದು ಬಿಟ್ಟೆ, ಆಮೇಲೆ ಉರಿ ನೋಡಿದೆ. ಬಾಳೆಲೆ ಕ್ಷಣದಲ್ಲಿ ಕರಕಲಾಯಿತು, ಮೇಲೆ ಗ್ಯಾಸಿನ ವಾಸನೆ ಬೇರೆ. ಲೋಹ ಬೆಸೆಯುವುದಕ್ಕೆ ಅದು ಸರಿ. ಬೆಂಕಿಕಡ್ಡಿ ಅದಕ್ಕಿಂತ ಮೇಲು, ಆದರೆ ತಲೆಯ ಮದ್ದು ಪೂರ್ತಿ ಉರಿದು ಹೋಗುವ ತನಕ ಕಾಯಬೇಕು, ಕಾದರೆ ಕಡ್ಡಿಯೇ ಮುಗಿದು ಬೆರಳು ಸುಡುತ್ತದೆ. ಮೇಣದಬತ್ತಿ ಹಚ್ಚಿದರೆ ಮೇಣದ ವಾಸನೆ. ಕರ್ಪೂರದ ಮಾತೇ ಬೇಡ. ತುಪ್ಪದ ದೀಪದ ಉರಿ ನಿಜಕ್ಕೂ ಚೆನ್ನಾಗಿತ್ತು, ತಣ್ಣಗೆ, ಸಮನಾಗಿ. ಆದರೆ ಅದನ್ನು ಹೇಳಿದ ಕೂಡಲೇ ಅತ್ತೆ, "ದೀಪದಲ್ಲಿ ಹೊಗೆಸೊಪ್ಪು ಹಚ್ತಾರೇನಮ್ಮಿ?" ಎಂದರು. ಅಲ್ಲಿಗೆ ಅದು ಮುಗಿಯಿತು.

ಅತ್ತೆಯ ಮತ ಕೆಂಡಕ್ಕೆ. ಅವರು ತಾಯಿಗೆ ಹಚ್ಚಿ ಕೊಡುತ್ತಿದ್ದದ್ದು ಹಾಗೆಯೇ. ನಾನು ಕೆಂಡದಲ್ಲೂ ಹಚ್ಚಿ ನೋಡಿದೆ. ಕೆಂಡ ಒಂದು ಕಡೆ ಕಚ್ಚುತ್ತದೆ, ಇನ್ನೊಂದು ಕಡೆ ಹಸಿಯಾಗಿಯೇ ಉಳಿಯುತ್ತದೆ. ಬೂದಿ ಅಂಟುತ್ತದೆ. ಚುಟ್ಟಾಗೆ ನಡೆಯಬಹುದು, ಅದು ತೆಳ್ಳಗೆ ಇರುತ್ತದೆ. ಇಷ್ಟು ದಪ್ಪದ ಸಿಗಾರಿಗೆ ಉರಿಯ ತುದಿ ಸುತ್ತಲೂ ಒಂದೇ ಸಮ ತಾಗಬೇಕು.

ಕೊನೆಗೆ ಉತ್ತರ ಕಣ್ಣೆದುರೇ ಇತ್ತು. ಹುಳುವಿಗೆ ನಾವು ಹಿಪ್ಪುನೇರಳೆಯನ್ನು ಕೊಂಬೆ ಸಮೇತ ಹಾಕುತ್ತೇವೆ. ಅವು ಸೊಪ್ಪು ತಿಂದು ಬರೀ ಕಡ್ಡಿ ಉಳಿಸುತ್ತವೆ. ಆ ಕಡ್ಡಿ ಒಣಗಿದರೆ ನೀರೊಲೆಗೆ ಅದಕ್ಕಿಂತ ಒಳ್ಳೆಯ ಸೌದೆ ಇಲ್ಲ. ಹೊಗೆ ಕಡಿಮೆ, ಉರಿ ತಿಳಿ, ಬೇಗ ಆರುವುದಿಲ್ಲ, ಕೈಗೆ ಉದ್ದವೂ ಇರುತ್ತದೆ. ಒಂದು ಬಾಳೆಲೆಯ ಸುರುಳಿಯನ್ನು ಆ ಉರಿಯ ಮೇಲೆ, ತಾಗಿಯೂ ತಾಗದ ಹಾಗೆ, ರೊಟ್ಟಿ ತಿರುಗಿಸುವಂತೆ ತಿರುಗಿಸಿದೆ. ಅಂಚು ಪೂರ್ತಿ ದುಂಡಗೆ ಕೆಂಪಾಯಿತು. ಮೂಸಿ ನೋಡಿದೆ. ಬಾಳೆಲೆಯ ವಾಸನೆ ಬಿಟ್ಟರೆ ಬೇರೆ ಒಂದು ಎಳೆಯೂ ಇಲ್ಲ. ಇದೇ ದಾರಿ ಎಂದು ನಾನು ತೀರ್ಮಾನಿಸಿದೆ. ನನ್ನ ತೀರ್ಮಾನದ ಮೇಲೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಗೂಡು ನಮ್ಮ ತಾಲ್ಲೂಕಿನದೇ ಆದ ವಿಜಯಪುರದ ಮಾರುಕಟ್ಟೆಗೆ ಹೋಯಿತು. ಹುಳುಮನೆ ತೊಳೆದು ಸುಣ್ಣ ಬಳಿದೆವು. ಚಾಕಿ ಹುಳು ಬರುವ ಹಿಂದಿನ ದಿನ ಮಧ್ಯಾಹ್ನ ತಮ್ಮ ಸಿಗಾರ್ ತಂದ. ಗಾಳಿ ಮನೆಯ ಕಡೆಯಿಂದ ತೋಟದ ಆಚೆಗೆ ಬೀಸುತ್ತಿದೆಯೇ ಎಂದು ಸೀರೆಯ ಸೆರಗು ಹಿಡಿದು ನೋಡಿದೆ. ಬೋರ್‌ವೆಲ್ಲಿನ ಆಚೆ, ತೋಟದ ತುತ್ತತುದಿಯಲ್ಲಿ ಅತ್ತೆಗೆ ಕುರ್ಚಿ ಹಾಕಿದೆವು. ಅವರು ಸ್ನಾನ ಮಾಡಿ ಒಗೆದ ಸೀರೆ ಉಟ್ಟು ಬಂದಿದ್ದರು. ಮುಖ ಬಿಗಿದುಕೊಂಡಿತ್ತು. ಆಸ್ಪತ್ರೆಯಲ್ಲಿ ರಿಪೋರ್ಟಿಗೆ ಕಾಯುವವರ ಮುಖ ಅದು. ನನಗೆ ಆಗ ಮೊದಲ ಸಲ ಹೆದರಿಕೆಯಾಯಿತು, ಉರಿಯ ಬಗ್ಗೆ ಅಲ್ಲ, ಅವರ ಬಗ್ಗೆ.

ತಮ್ಮ ಬ್ಲೇಡಿನಲ್ಲಿ ಸಿಗಾರಿನ ತುದಿ ಕತ್ತರಿಸಿದ. ನಾನು ಆರಿಸಿ ತಂದಿದ್ದ ಕಡ್ಡಿಗಳನ್ನು ದೂರದಲ್ಲೇ ಹೊತ್ತಿಸಿ, ಬೆಂಕಿಕಡ್ಡಿಯ ಮದ್ದಿನ ವಾಸನೆ ಅಲ್ಲೇ ಕಳೆದುಹೋಗಲೆಂದು ಕಾದು, ಉರಿಯುವ ಕಡ್ಡಿಯನ್ನಷ್ಟೇ ಹಿಡಿದುಕೊಂಡು ಬಂದೆ. ಸಿಗಾರಿನ ಅಂಚನ್ನು ಉರಿಯ ಮೇಲೆ ನಿಧಾನವಾಗಿ ತಿರುಗಿಸಿದೆ. ಅಂಚು ಕಂದಿತು, ಕಪ್ಪಾಯಿತು. ಇನ್ನು ಯಾರಾದರೂ ಎಳೆದು ಹೊತ್ತಿಸಬೇಕು. ಅತ್ತೆಯ ಎದೆಯಲ್ಲಿ ಅಷ್ಟು ಉಸಿರಿಲ್ಲ.

"ಕೊಡಕ್ಕ, ನಾನ್ ಎಳ್ದು ಕೊಡ್ತೀನಿ" ಎಂದ ತಮ್ಮ. ಅವನು ಸೇದುತ್ತಾನೆಂದು ನನಗೆ ಗೊತ್ತಿತ್ತು, ಇಷ್ಟು ಸಲೀಸಾಗಿ ಒಪ್ಪಿಕೊಳ್ಳುತ್ತಾನೆಂದು ಗೊತ್ತಿರಲಿಲ್ಲ.

"ಬ್ಯಾಡ" ಎಂದರು ಅತ್ತೆ. "ಇನ್ನೊಬ್ರ ಎಂಜ್ಲು ನಂಗಾಗಲ್ಲ. ನೀನು ಎಳಿಯಮ್ಮಿ."

"ನಾನಾ?"

"ಮತ್ತಿನ್ಯಾರು? ನಮ್ಮಮ್ಮಂಗೆ ನಾನೇ ಎಳ್ದು ಕೊಡ್ತಿರ್ಲಿಲ್ವಾ?"

ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಮಗಳೆಂದು ಒಂದು ಸಲವೂ ಕರೆದವರಲ್ಲ. ಆಗಲೂ ಕರೆಯಲಿಲ್ಲ. ಆದರೆ ನನಗೆ ಕೇಳಿಸಿದ್ದು ಅದೇ. ಸಿಗಾರನ್ನು ಬಾಯಿಗಿಟ್ಟು ಎಳೆದೆ. ಹೊಗೆ ಗಂಟಲಿಗೆ ಹೊಡೆದು, ಕಣ್ಣು ಮೂಗು ಎರಡರಲ್ಲೂ ನೀರು ಸುರಿದು, ಕೆಮ್ಮಿ ಕೆಮ್ಮಿ ಬಾಗಿಬಿಟ್ಟೆ. ಆದರೆ ಅಂಚು ದುಂಡಗೆ, ಸಮನಾಗಿ ಹೊತ್ತಿಕೊಂಡಿತ್ತು. ಅದನ್ನು ಕೆಮ್ಮಿನ ನಡುವೆಯೂ ನೋಡಿ ಖಾತ್ರಿ ಮಾಡಿಕೊಂಡೆ.

ಅತ್ತೆ ಸಿಗಾರನ್ನು ತುಟಿಗಿಟ್ಟು ಸಣ್ಣಗೆ ಎಳೆದರು. ಹೊಗೆಯನ್ನು ಬಾಯಲ್ಲಿ ನಿಲ್ಲಿಸಿಕೊಂಡು, ಕಣ್ಣು ಮುಚ್ಚಿ, ಮೂಗಿನಿಂದ ಬಿಟ್ಟರು. ಇನ್ನೊಮ್ಮೆ ಎಳೆದರು. ಕಣ್ಣು ತೆರೆದು ತಲೆ ಅಲ್ಲಾಡಿಸಿದರು.

"ಏನೂ ಇಲ್ಲ ಕಣಮ್ಮಿ."

"ಇನ್ನೊಂದ್ಸಲ ನೋಡಿ ಅತ್ತೆ. ನಿಧಾನಕ್ಕೆ."

"ಬಿಸಿ ಗೊತ್ತಾಗ್ತೈತೆ. ವಾಸ್ನೆ ಇಲ್ಲ." ಸಿಗಾರನ್ನು ತಮ್ಮನ ಕೈಗೆ ಕೊಟ್ಟುಬಿಟ್ಟರು. "ಹೋಗ್ಲಿ ಬಿಡು. ನಮ್ಮಮ್ಮ ಅಲ್ಲೇ ಇರ್ಲಿ."

ನನಗೆ ಅಳು ಬಂತು. ಕೈಯಲ್ಲಿ ಇನ್ನೂ ಉರಿಯುತ್ತಿದ್ದ ಕಡ್ಡಿಯನ್ನು ಅವರ ಕಾಲ ಬಳಿ ನೆಲಕ್ಕೆ ಉಜ್ಜಿ ಆರಿಸಿದೆ. ಆರಿದ ಕಡ್ಡಿಯಿಂದ ಒಂದು ಎಳೆ ಹೊಗೆ ಎದ್ದು ಅವರ ಮುಖದ ಕಡೆ ಹೋಯಿತು. ಅತ್ತೆ ಮುಖ ಸಿಂಡರಿಸಿದರು.

"ಈ ಕಡ್ಡಿ ಎಲ್ಲಿಂದ ತಂದೆ?"

"ಹುಳುಮನೆ ಮುಂದಿನ ರಾಶಿಯಿಂದ."

"ಯಾವ್ದು, ಹೊಸ ರಾಶೀನಾ? ಪುಡಿ ಘಾಟು ಹೊಡೀತಾ ಐತಲ್ಲೇ! ನಿಂಗೆ ಗೊತ್ತಾಗ್ಲಿಲ್ವಾ?"

ನಾನು ಕಡ್ಡಿಯನ್ನು ಮೂಗಿಗೆ ಹಿಡಿದೆ. ನನಗೇನೂ ಬರಲಿಲ್ಲ. ತಮ್ಮ ಕಸಿದುಕೊಂಡು ಮೂಸಿ, "ಹೌದಲ್ವಾ! ಬ್ಲೀಚಿಂಗ್ ತರ ಐತೆ" ಎಂದ. ಹುಳು ಪ್ರತಿ ಜ್ವರದಿಂದ ಎದ್ದಾಗ, ರೋಗ ಹತ್ತದಂತೆ ಅದರ ಮೇಲೆ ಸುಣ್ಣ ಬೆರೆತ ಔಷಧಿಯ ಪುಡಿ ಉದುರಿಸುತ್ತೇವೆ. ಕೆಳಗಿನ ಕಡ್ಡಿಗಳಿಗೆಲ್ಲ ಅದು ಮೆತ್ತಿಕೊಳ್ಳುತ್ತದೆ. ಪ್ರಯೋಗಕ್ಕೆ ನಾನು ತೆಗೆದದ್ದು ಮಳೆಯಲ್ಲಿ ತೊಳೆದುಹೋದ ಹಳೆಯ ರಾಶಿಯ ಕಡ್ಡಿ. ಆ ದಿನ ಚೆನ್ನಾಗಿ ಒಣಗಿದೆಯೆಂದು ತಂದದ್ದು ಹೊಸ ರಾಶಿಯದ್ದು. ಮೇಲಿನ ಬಿಳಿಯನ್ನು ನಾನು ನೋಡಿಯೂ ಇದ್ದೆ. ಆ ಬಿಳಿ ನಮ್ಮ ಮನೆಯಲ್ಲಿ ಎಲ್ಲದರ ಮೇಲೂ ಇರುತ್ತದೆ, ನನ್ನ ಕೈಯ ಮೇಲೂ. ದಿನವಿಡೀ ಅದರಲ್ಲೇ ಇರುವ ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ. ಇದು ಹುಳುಮನೆಯವರು ಮಾತ್ರ ಮಾಡುವ ತಪ್ಪು, ನಾಚಿಕೆಯಾಗಬೇಕಿತ್ತು. ನಾನು ಕಡ್ಡಿ ಎಸೆದು, "ಅತ್ತೆ, ನಿಮಗೆ ವಾಸ್ನೆ ಬಂತು!" ಎಂದು ಕೂಗಿಬಿಟ್ಟೆ.

ಅತ್ತೆ ನನ್ನನ್ನೇ ನೋಡುತ್ತಾ ಕೂತರು. ಅವರಿಗೂ ಆಗಷ್ಟೇ ಹೊಳೆದದ್ದು.

ನನ್ನ ತಮ್ಮನಿಗೆ ಎಲ್ಲದರಲ್ಲೂ ಒಂದು ಬಾಲ ಸೇರಿಸುವ ಚಾಳಿ. "ಅದು ವಾಸ್ನೆ ಅಲ್ಲ ಕಣಕ್ಕ, ಘಾಟು. ಈರುಳ್ಳಿ ಹೆಚ್ಚಿದ್ರೆ ಕಣ್ಣು ಉರಿಯಲ್ವಾ, ಹಂಗೆ. ಮೂಗು ಉರಿದಿರುತ್ತೆ ಅಷ್ಟೆ. ಸುಮ್ನೆ ಆಸೆ ಇಟ್ಕೋಬೇಡಿ" ಎಂದ. ಅವನನ್ನು ಅಲ್ಲೇ ಬಾವಿಗೆ ತಳ್ಳೋಣ ಎನ್ನಿಸಿತು. ನಮ್ಮಲ್ಲಿ ಇರುವುದು ಬೋರ್‌ವೆಲ್ ಆದ್ದರಿಂದ ಬದುಕಿಕೊಂಡ. ಆದರೆ ಅತ್ತೆಯ ಮುಖ ಮತ್ತೆ ಇಳಿಯಿತು. ಅವನು ಹೇಳಿದ್ದರಲ್ಲಿ ನಿಜವಿರಬಹುದು ಎಂದು ನನಗೂ ಅನ್ನಿಸಿತು.

ಅತ್ತೆ ನನ್ನ ಸೆರಗು ಹಿಡಿದು ಜಗ್ಗಿದರು. ನಾನು ಅವರ ಮುಂದೆ ಬಗ್ಗಿದೆ. ಹುಳುಮನೆಯ ಬಾಗಿಲಲ್ಲಿ ನಿಂತು ಎಳೆಯುತ್ತಿದ್ದರಲ್ಲ, ಅದೇ ಉದ್ದನೆಯ ಉಸಿರನ್ನು ನನ್ನ ನೆತ್ತಿಯ ಮೇಲೆ ಎಳೆದರು. ಒಂದು ಸಲ. ಸ್ವಲ್ಪ ಬಿಟ್ಟು ಇನ್ನೊಂದು ಸಲ.

"ಹರಳೆಣ್ಣೆ ಹಾಕಿದೀಯ" ಎಂದರು.

ಹಿಂದಿನ ರಾತ್ರಿ ಹಾಕಿಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ. ಹರಳೆಣ್ಣೆಗೆ ಘಾಟಿಲ್ಲ.

"ಹಳೇ ಎಣ್ಣೆ. ಕಮಟು ಹೊಡೀತಾ ಐತೆ. ಡಬ್ಬಿ ತೊಳೀದೆ ಮೇಲ್ಮೇಲೆ ಸುರ್ಕೊಂಡಿದೀಯ." ಅವರ ಮಾತು ನಿಲ್ಲಲಿಲ್ಲ. "ಅದ್ರ ಮೇಲೆ ಹೊಗೆಸೊಪ್ಪು ಬೇರೆ. ಥೂ, ಗಬ್ಬು ನಾರ್ತಾ ಇದೀಯ. ನಾಳೆ ಚಾಕಿ ಹುಳ ಬರ್ತಾವೆ, ಹಿಂಗೇ ಒಳಗ್ ಹೋಗಿ ಎಲ್ಲಾನೂ ಸಾಯ್ಸೋಣಾಂತಿದೀಯಾ? ಎದ್ದು ಹೋಗಿ ತಲೆಗೆ ನೀರು ಹಾಕ್ಕೋ. ಸೀಗೆಪುಡಿ ಹಾಕಿ ತಿಕ್ಕು, ಸುಮ್ನೆ ನೀರು ಸುರ್ಕೊಂಡು ಬರ್ಬೇಡ. ನಾನ್ ಮೂಸಿ ನೋಡ್ದೆ ಬಾಗ್ಲು ದಾಟ್ಸಲ್ಲ ನಿನ್ನ."

"ಆಯ್ತು ಅತ್ತೆ" ಎಂದೆ. ಅಳುತ್ತಲೇ ಮನೆಯ ಕಡೆ ನಡೆದೆ. ಅವರು ಹಿಂದಿನಿಂದ ಇನ್ನೂ ಬೈಯುತ್ತಿದ್ದರು, ನಾನು ಬೇಕೆಂದೇ ನಿಧಾನವಾಗಿ ಹೆಜ್ಜೆ ಹಾಕಿದೆ.